ದುರ್ಬೀನಿನಲ್ಲಿ ಸಿಕ್ಕ ಚೌತಿ ಚಂದ್ರ

ಬರುವ ಭಾನುವಾರ ಇಪ್ಪತ್ತೈದು ಹೆಜ್ಜೆ ದೂರದಿಂದ, ಒಂದೇ ಏಟಿಗೆ, ಒಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಿ ತೋರಿಸುತ್ತೇನೆ ಎಂದು ಬುಧವಾರ ಊಟದ ತಟ್ಟೆಯ ಮುಂದೆ ಕುಳಿತು ನಾನು ಘೋಷಿಸಿದೆ.

"ಹೋಳು ಮಾಡ್ಲಾಕ ಭಾನುವಾರ ತನಕ ಯಾಕ ಕಾಯ್ತೀರಿ? ಈಳಿಗಿ ಇಲ್ಲೇ ಅದ," ಅಂದಳು ನನ್ನ ಹೆಂಡತಿ ಸಿದ್ದೇಶ್ವರಿ.

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೀದರದ ಕೊಳಾರದ ಗೋದಾಮಿನಲ್ಲಿ ಹನ್ನೆರಡು ಹಮಾಲರು ನನ್ನ ಮಾತಿಗೆ ಎದ್ದು ನಿಲ್ಲುತ್ತಾರೆ. ಚಿದ್ರಿಯ ನನ್ನ ಸ್ವಂತ ಮನೆಯಲ್ಲಿ ನನ್ನ ಘೋಷಣೆಗೆ ಸಿಗುವುದು ಈಳಿಗೆ.

ಈ ಘೋಷಣೆಗೆ ಕಾರಣವಿತ್ತು. ನಮ್ಮ ಮಗಳು ಶೀತಲ ಕಮಠಾಣದ ಶಾಲೆಯಲ್ಲಿ ಟೀಚರು. ಅದೇ ಶಾಲೆಯ ಗಣಿತದ ಮಾಸ್ತರ, ಔರಾದಿನ ಸುಮಿತ, ಅವಳನ್ನು ಮೆಚ್ಚಿದ್ದ. ಅವಳೂ ಮೆಚ್ಚಿದ್ದಳು. ಎರಡೂ ಮನೆಯ ಹೆಂಗಸರು ಮಾತಾಡಿ ಮುಗಿಸಿದ್ದರು. ಉಳಿದದ್ದು ಒಬ್ಬರೇ, ಸುಮಿತನ ಅಜ್ಜ ಹಾವಗೆಪ್ಪ. ಆ ಮನೆಯಲ್ಲಿ ಅವರು ಹೂಂ ಅನ್ನದೆ ಎಮ್ಮೆ ಸಹ ಮಾರುವುದಿಲ್ಲವಂತೆ. ಅವರು ಆ ದಿನ ಬೆಳಗ್ಗೆ ನನಗೆ ಫೋನ್ ಮಾಡಿ ಹೇಳಿದರು:

"ಹುಡುಗಿ ನಮಗ ಪಸಂದ ಆಗ್ಯಾಳ್ರಿ. ಇನ್ನ ಬೀಗರನ್ನ ನೋಡೂದು ಒಂದ ಉಳದದ. ಭಾನುವಾರ ಬರ್ತೀನಿ."

ಹೆಣ್ಣು ನೋಡುವುದು ಕೇಳಿದ್ದೆ, ಗಂಡು ನೋಡುವುದೂ ಕೇಳಿದ್ದೆ. ಹೆಣ್ಣಿನ ಅಪ್ಪನನ್ನು ನೋಡುವ ಶಾಸ್ತ್ರ ಯಾವ ಪಂಚಾಂಗದಲ್ಲಿದೆಯೋ! ಐವತ್ತಮೂರನೇ ವಯಸ್ಸಿನಲ್ಲಿ ನನ್ನನ್ನು ಯಾರೋ ನೋಡಲು ಬರುತ್ತಾರೆ ಎಂದಾಗ ಫೋನ್ ಹಿಡಿದೇ ಅಂಗಿಯ ಗುಂಡಿ ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರು, "ಪುರಸೊತ್ತು ಇದ್ದಾಗ ಏನ್ ಮಾಡ್ತೀರಿ?" ಎಂದು ಕೇಳಿದರು.

ಪುರಸೊತ್ತು ಇದ್ದಾಗ ನಾನು ಮಲಗುತ್ತೇನೆ. ಆದರೆ ಹಾವಗೆಪ್ಪನವರು ಹರೆಯದಲ್ಲಿ ಲೈಸೆನ್ಸಿನ ಬಂದೂಕು ಹಿಡಿದು ಇಡೀ ಊರಿನ ಬೆಳೆ ಕಾಯ್ದವರು ಎಂದು ಶೀತಲ ಹೇಳಿದ್ದಳು. ನನ್ನ ನಾಲಿಗೆ ನನ್ನನ್ನು ಕೇಳದೆ ಹೊರಟಿತು.

"ನಿಶಾನಿ ಹೊಡೀತೀನ್ರಿ. ಎನ್‌ಸಿಸಿಯಾಗ ಐದಕ್ಕ ಐದು."

ಇದು ಸುಳ್ಳಲ್ಲ. ನಾನು ಹೊಡೆದ ಐದು ಗುಂಡೂ ಹಲಗೆಗೆ ಬಿದ್ದಿದ್ದವು. ಹಲಗೆ ಮಾತ್ರ ಪಕ್ಕದವನದು.

"ಶಾಬಾಸ್," ಅಂದರು ಹಾವಗೆಪ್ಪ. "ಹಂಗಾದ್ರ ಭಾನುವಾರ ನೋಡೇಬಿಡೂಣು."

ಮರುದಿನ ಗೋದಾಮಿನಲ್ಲಿ ನನ್ನ ಸಹೋದ್ಯೋಗಿ ಓಂಪ್ರಕಾಶನ ಮುಂದೆ ಸಂಕಟ ತೋಡಿಕೊಂಡೆ. ಅವನು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ಬಂದೂಕಿನ ಮೇಲೆ ಕೂಡಿಸುವ ದುರ್ಬೀನು. ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಬೇಕಾದಷ್ಟು ಹಿಗ್ಗಿಸಬಹುದಂತೆ.

"ಇದನ್ನ ಹಚ್ಚಿದ್ರ ನಿಂಬಿಹಣ್ಣು ಕುಂಬಳಕಾಯಿ ಆಗ್ತದ್ರಿ. ಕುಂಬಳಕಾಯಿ ಯಾರಾರ ತಪ್ಪಸ್ತಾರೇನು?" ಅಂದ.

ತರ್ಕ ನನಗೆ ಹಿಡಿಸಿತು. ದುರ್ಬೀನು ಶುಕ್ರವಾರ ಮನೆಗೆ ಬಂತು. ಅಷ್ಟರಲ್ಲಿ ನಾನು ಅಟ್ಟದಿಂದ ಅಪ್ಪನ ಕಾಲದ ಏರ್ ಗನ್ ಇಳಿಸಿ, ಬೀಗ ರಿಪೇರಿಯ ಹುಸೇನನ ಕೈಯಲ್ಲಿ ಹೊಸ ಸ್ಪ್ರಿಂಗ್ ಹಾಕಿಸಿದ್ದೆ. ಇಷ್ಟು ವರ್ಷ ಅದು ಮಾಳಿಗೆಯ ಮಂಗಗಳನ್ನು ಬರೀ ಸಪ್ಪಳದಿಂದ ಓಡಿಸುತ್ತಿದ್ದ ಬಂದೂಕು. "ಈಗ ಒದೀತದ್ರಿ ಸಾಹೇಬರ, ಹುಷಾರ," ಎಂದು ಹುಸೇನ ಹೇಳಿದ್ದನ್ನು ನಾನು ಹೊಗಳಿಕೆ ಎಂದುಕೊಂಡೆ.

ದುರ್ಬೀನು ಒಂದೂವರೆ ಗೇಣು ಉದ್ದ, ಕಪ್ಪಗೆ, ಗಂಭೀರವಾಗಿತ್ತು. ಅದರ ಮೈಮೇಲೆ ತಿರುಗುವ ಬಳೆಗಳು, ರೇಡಿಯೋದ ಗುಂಡಿಯಂಥ ಗುಬಟಿಗಳು. ಕಣ್ಣಿನ ತುದಿಗೆ ಒಂದು ಬಳೆ, ಅದರ ಮುಂದೆ ಅಂಕಿ ಬರೆದ ಇನ್ನೊಂದು ಬಳೆ, ನಡುವೆ ಮೇಲೊಂದು ಗುಬಟಿ, ಪಕ್ಕಕ್ಕೊಂದು ಗುಬಟಿ. ಜೊತೆಗೆ ಒಂದು ಚೀಟಿ. ಆ ಚೀಟಿಯ ಅಕ್ಷರ ಎಷ್ಟು ಸಣ್ಣವೆಂದರೆ ಅದನ್ನು ಓದಲು ಮೊದಲು ದುರ್ಬೀನು ಸರಿ ಮಾಡಿಕೊಳ್ಳಬೇಕು. ಸರಿ ಮಾಡಿಕೊಳ್ಳಲು ಚೀಟಿ ಓದಬೇಕು! ನಾನು ಕನ್ನಡಕ ಹಣೆಗೇರಿಸಿದೆ, ಮೂಗಿಗಿಳಿಸಿದೆ, ತೆಗೆದೆ. ಕೊನೆಗೆ ಸಿದ್ದೇಶ್ವರಿ ಚೀಟಿ ಕಸಿದುಕೊಂಡು ಓದಿದಳು.

"ಕಣ್ಣಿಗೂ ಇದಕ್ಕೂ ನಾಲ್ಕು ಬೆರಳು ಅಂತರ ಇರಬೇಕಂತ್ರಿ. ಅಂತರ ಸರಿ ಇದ್ರ ಪೂರಾ ದುಂಡಗ ಕಾಣ್ತದಂತ. ಇಲ್ಲಂದ್ರ ಕರಿ ನೆರಳು ಬರ್ತದಂತ."

"ನಾಲ್ಕು ಬೆರಳು ಯಾಕ? ಕನ್ನಡಕ ಮೂಗಿನ ಮ್ಯಾಲ ಇಟ್ಕೋತೀವಿ. ಬಾಗಲ ಸಂದ್ಯಾಗ ನೋಡಬೇಕಿದ್ರ ಕಣ್ಣು ಒತ್ತಿ ಹಿಡೀತೀವಿ. ಹತ್ತಿರ ಹೋದಷ್ಟೂ ಛಲೋ ಕಾಣ್ತದ. ಇದು ಲೋಕಜ್ಞಾನ."

"ಬಾಗಲ ಸಂದ್ಯಾಗ ನೋಡೂ ರೂಢಿ ಭಾಳ ಅದ ಅಂತ ಕಾಣ್ತದ. ಖಾಸಿಂ ಭಾಯಿನ್ನ ಕೇಳ್ರಿ. ಅವರು ಗಾಜಿನ ಕೆಲಸದವರು."

ಪಕ್ಕದ ಮನೆಯ ಖಾಸಿಂ ಅಲಿಯವರದು ಕನ್ನಡಕದ ಅಂಗಡಿ. ಆದರೆ ಅವರು ಕಣ್ಣಿನ ಶಿಬಿರಕ್ಕೆಂದು ಭಾಲ್ಕಿಗೆ ಹೋಗಿದ್ದರು, ಬರುವುದು ಶನಿವಾರ ಸಂಜೆ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ. ಐದಕ್ಕೈದು ಹೊಡೆದವನು ಕಣ್ಣು ಎಲ್ಲಿಡಬೇಕು ಅಂತ ಪಕ್ಕದ ಮನೆಯವರನ್ನು ಕೇಳುವುದೇ?

ನನ್ನ ಲೋಕಜ್ಞಾನದ ಪ್ರಕಾರ ದುರ್ಬೀನನ್ನು ಆದಷ್ಟು ಹಿಂದಕ್ಕೆ ಎಳೆದು ಬಂದೂಕಿಗೆ ಬಿಗಿದೆ. ಕಣ್ಣು ಇಟ್ಟೆ. ಕತ್ತಲೆ. ಕಣ್ಣಿನ ಬಳೆ ಇದೇ ಇರಬೇಕು ಎಂದು ಅಂಕಿ ಬರೆದ ಬಳೆ ತಿರುಗಿಸಿದೆ. ದೊಡ್ಡ ಕತ್ತಲೆ. ಮೇಲಿನ ಗುಬಟಿ ತಿರುಗಿಸಿದೆ, ಕಟಕಟ ಎಂದಿತು. ಪಕ್ಕದ್ದು ತಿರುಗಿಸಿದೆ, ಅದೂ ಕಟಕಟ ಎಂದಿತು. ಎಷ್ಟು ಸಲ ಎಂದಿತು ಅಂತ ನೆನಪಿಟ್ಟುಕೊಳ್ಳಬೇಕಿತ್ತು ಎಂದು ನಂತರ ಹೊಳೆಯಿತು. ಮಧ್ಯೆ ಒಮ್ಮೆ ಏನೋ ಕಂಡು ಹಿಗ್ಗಿದೆ. ಅದು ನನ್ನ ರೆಪ್ಪೆಕೂದಲು.

ಶನಿವಾರ ಗಣೇಶ ಚೌತಿ. ಬೆಳಗೆಲ್ಲ ಪೂಜೆ, ಕಡುಬು, ಆರತಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಬಂದೂಕು ಹೆಗಲಿಗೇರಿಸಿ ಮಾಳಿಗೆಯ ಮೆಟ್ಟಿಲು ಹತ್ತಿದೆ. ಜಗುಲಿಯಿಂದ ನನ್ನ ತಾಯಿ ಜನಾಬಾಯಿ ಕೂಗಿ ಹೇಳಿದಳು:

"ಶಿವ್ಯಾ, ಇವತ್ತ ಮ್ಯಾಲ ನೋಡಬ್ಯಾಡೋ. ಚೌತಿ ಚಂದ್ರನ್ನ ನೋಡಿದವರಿಗಿ ಮಾಡಲಾರದ ತಪ್ಪು ಮೈಮ್ಯಾಲ ಬರ್ತದ. ದೇವರಿಗೇ ಬಿಟ್ಟಿಲ್ಲ."

ಚೀಟಿಯಲ್ಲಿ ಏನಿತ್ತು ಗೊತ್ತೇ? ಒಳಗಿನ ಅಡ್ಡಗೆರೆ ಉದ್ದಗೆರೆ ಸ್ಪಷ್ಟವಾಗಬೇಕಾದರೆ ದುರ್ಬೀನನ್ನು ಬರಿದಾದ ಆಕಾಶದ ಕಡೆ ಹಿಡಿದು ಕಣ್ಣಿನ ಬಳೆ ತಿರುಗಿಸಬೇಕಂತೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಆಕಾಶ ನೋಡಬಾರದ ಸಂಜೆ ಇದೊಂದೇ, ನನಗೆ ಆಕಾಶ ನೋಡಲು ಉಳಿದಿದ್ದ ಸಂಜೆಯೂ ಇದೊಂದೇ. ಆದರೂ ಧೈರ್ಯ ತಂದುಕೊಂಡೆ. ಇಡೀ ಆಕಾಶಕ್ಕೆ ಮೋಡ ಕವಿದಿತ್ತು. ಚಂದ್ರನ ಭಯವಿಲ್ಲ. ಗನ್ನಿನಲ್ಲಿ ಛರ್ರಾ ಗುಂಡು ಇರಲಿಲ್ಲ, ಆದ್ದರಿಂದ ಚಂದ್ರನಿಗೂ ನನ್ನ ಭಯವಿಲ್ಲ.

ಬಳೆಯನ್ನು ಒಂಬತ್ತಕ್ಕೆ ತಂದು, ಪಡುವಣದ ಕಡೆ ಹಿಡಿದು, ಕಣ್ಣು ಒತ್ತಿ ನೋಡಿದೆ. ಕತ್ತಲೆ. ತುಸು ಪಕ್ಕಕ್ಕೆ ಸರಿದೆ. ಆ ಕತ್ತಲೆಯ ಅಂಚಿನಲ್ಲಿ ತೆಳ್ಳಗೆ, ಬೆಳ್ಳಗೆ, ಕುಡಗೋಲಿನ ಹಾಗೆ ಬಾಗಿ, ಹೊಳೆಯುತ್ತ ನಿಂತಿದ್ದ ಚಂದ್ರ!

ಬಂದೂಕು ಇಳಿಸಿಬಿಟ್ಟೆ. ಮೋಡ ಇತ್ತಲ್ಲ ಎಂಬ ಅನುಮಾನ ಬಂತು, ನಿಜ. ಆದರೆ ಒಂಬತ್ತು ಪಟ್ಟಿನ ದುರ್ಬೀನಿಗೆ ಮೋಡ ಯಾವ ಲೆಕ್ಕ? ಸೀಳಿಕೊಂಡು ಹೋಗಿ ಚಂದ್ರನನ್ನು ಎಳೆದು ತಂದಿದೆ. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ನೋಡಿದೆ. ಈ ಸಲ ಚಂದ್ರ ಬಲಗಡೆ ಇರದೆ ಎಡಗಡೆಗೆ ಬಂದಿದ್ದ. ತಲೆ ಎತ್ತಿದೆ, ಅವನು ಮಗುಚಿ ಬಿದ್ದ. ತಲೆ ತಗ್ಗಿಸಿದೆ, ಅಂಗಾತ ಮಲಗಿದ. ಒಬ್ಬ ಚಂದ್ರನನ್ನು ನೋಡಿದರೇ ಅಪವಾದ. ನಾನು ನಾಲ್ಕು ದಿಕ್ಕಿನಲ್ಲಿ ನಾಲ್ಕು ಸಲ ನೋಡಿ ಮುಗಿಸಿದ್ದೆ!

ಕೆಳಗಿಳಿದು ಬಂದು ಅವ್ವನ ಕಾಲ ಬಳಿ ಕುಳಿತೆ. ನಾಳೆ ಹಾವಗೆಪ್ಪ ಬರುವವರು. ನನ್ನನ್ನು ನೋಡಲೆಂದೇ ಬರುವವರು. ಅದೇ ಹೊತ್ತಿಗೆ ಮಾಡದ ತಪ್ಪೊಂದು ನನ್ನ ತಲೆಗೆ ಬಂದರೆ ಮಗಳ ಮದುವೆ ಏನಾಗಬೇಕು? ಅವ್ವ ದೋಷಪರಿಹಾರಕ್ಕೆ ಮಣಿ ಕಳುವಾದ ಕಥೆ ಶುರು ಮಾಡಿದಳು. "ಮಣಿನ ಸಿಂಹ ಒಯ್ತು. ಸಿಂಹಾನ ಕರಡಿ ಹೊಡೀತು. ಕರಡಿ..." ಅಂದು ನಿಂತಳು. "ಕರಡಿ ಏನ್ ಮಾಡ್ತು ಅನ್ನೂದು ಮರತೀನಿ ನೋಡೋ."

"ಅರ್ಧಾ ಕಥಿ ಕೇಳಿದ್ರ ಅರ್ಧಾ ಅಪವಾದ ಹೋಗ್ತದೇನವ್ವಾ?"

"ಇಲ್ಲ. ಆದ್ರ ನಮ್ಮ ತವರಮನಿ ಕಡಿ ಇನ್ನೊಂದು ಉಪಾಯ ಅದ. ಪಕ್ಕದ ಮನಿ ಮಾಡಿಗಿ ಒಂದು ಕಲ್ಲು ಒಗೀಬೇಕು. ಅವರು ಹೊರಗ ಬಂದು ಬಾಯಿತುಂಬ ಬೈತಾರ. ಆ ಬೈಗಳದಾಗ ದೋಷ ಹರಕೊಂಡು ಹೋಗ್ತದ. ಖರೇ, ಯಾಕ ಒಗದಿ ಅಂತ ಮಾತ್ರ ಹೇಳಬಾರದು."

ಅಡುಗೆಮನೆಯ ಬಾಗಿಲಿಗೆ ಬಂದ ಸಿದ್ದೇಶ್ವರಿ, "ಬೈಗಳಕ್ಕ ಹೊರಗ ಯಾಕ ಹೋಗ್ತೀರಿ? ಬೇಕಾದಷ್ಟು ಮನ್ಯಾಗೇ ಅವ," ಅಂದಳು.

"ಹೆಂಡತಿ ಬೈದದ್ದು ನಡಿಯಂಗಿಲ್ಲ," ಅಂದಳು ಅವ್ವ ಬಲು ಶಾಸ್ತ್ರೋಕ್ತವಾಗಿ. "ಅದು ದಿನಾ ಇದ್ದದ್ದು."

ಅಂಗಳಕ್ಕೆ ಹೋದೆ. ಭಾಲ್ಕಿಯಿಂದ ಆಗತಾನೇ ಬಂದಿದ್ದ ಖಾಸಿಂ ಅಲಿಯವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಸ್ಕೂಟರ್ ನಿಲ್ಲಿಸಲು ಅವರು ಹಾಕಿಸಿದ ತಗಡಿನ ಮಾಡು ನಮ್ಮ ಗೋಡೆಗೆ ಅಂಟಿಕೊಂಡೇ ಇದೆ. ಒಂದು ಕೆಂಪು ಕಲ್ಲು ಆರಿಸಿ ಒಗೆದೆ. ಢಣ್ ಎಂದಿತು. ಖಾಸಿಂ ಅಲಿ ಹೊರಗೆ ಬಂದರು. ನಾನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದೆ.

"ಅರೇ, ಶಿವಕಾಂತ ಭಾಯಿ. ಮಂಗ್ಯಾ ಬಂದಾವೇನ್ರಿ? ಹಬ್ಬದ ದಿನ ನಮ್ಮ ಸಲುವಾಗಿ ತ್ರಾಸ ತಗೊಂಡ್ರಿ. ಶುಕ್ರಿಯಾ."

ಅವರು ಒಳಗೆ ಹೋದರು. ನಾನು ಇನ್ನೂ ದೊಡ್ಡ ಕಲ್ಲು ಒಗೆದೆ. ಅವರು ಮತ್ತೆ ಬಂದರು.

"ಭಾಯಿ, ಈ ತಗಡು ಹಳೇದು ಆಗ್ಯಾದ. ಗಾಳಿಗಿ ಬಡದು ನಿಮಗ ನಿದ್ದಿ ಕೆಡಸ್ತದ ಅಂತ ಕಾಣ್ತದ. ನಾಳಿಗೇ ತಗಸ್ತೀನ್ರಿ."

"ಗಾಳಿ ಅಲ್ರಿ. ನಾ ಒಗದೀನಿ. ಬೇಕಂತ ಒಗದೀನಿ," ಅಂದೆ ಎದೆಯುಬ್ಬಿಸಿ.

ಖಾಸಿಂ ಅಲಿ ತಗಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಏನಾರ ಕಾರಣ ಇರ್ತದ್ರಿ. ಕಾರಣ ಇಲ್ದ ನೀವು ಒಗಿಯವರಲ್ಲ."

"ಏನೂ ಕಾರಣ ಇಲ್ಲ. ನನಗ ಬೈರಿ."

"ತೌಬಾ. ಇಪ್ಪತ್ತೆರಡು ವರ್ಷ ಆತು ಗ್ವಾಡಿಗಿ ಗ್ವಾಡಿ ಹಚ್ಚಿ ಕೂತೀವಿ. ನನ್ನ ಬಾಯಾಗಿಂದ ನಿಮಗ ಬೈಗಳ ಬರ್ತದೇನ್ರಿ?"

"ಒಂದ ಒಂದು ಬೈರಿ. ಕತ್ತಿ, ಮಂಗ್ಯಾ ಅಂದ್ರೂ ನಡೀತದ."

ಅವರು ಒಳಗೆ ಹೋಗಿ ಹೆಂಡತಿಯೊಡನೆ ಮೆತ್ತಗೆ ಏನೋ ಮಾತಾಡಿದರು. ತಿರುಗಿ ಬಂದಾಗ ಕೈಯಲ್ಲಿ ಖೀರಿನ ಬಟ್ಟಲಿತ್ತು. "ಮನಸ್ಸಿಗಿ ಹಚ್ಕೋಬ್ಯಾಡ್ರಿ ಭಾಯಿ. ಮಗಳ ಲಗ್ನದ ಟೈಮಿನಾಗ ತಂದಿಗಿ ಹೀಂಗ ಆಗ್ತಿರ್ತದ. ಉಂಡು ಮಲಗ್ರಿ."

ಬಟ್ಟಲು ಹಿಡಿದು ಒಳಗೆ ಬಂದ ನನ್ನನ್ನು ಸಿದ್ದೇಶ್ವರಿ ಬಾಗಿಲಲ್ಲೇ ತಡೆದಳು. "ಬೈಗಳಾ ಬಟ್ಟಲದಾಗ ಹಾಕಿ ಕೊಟ್ರೇನು?"

ಬೀದರದ ಮರ್ಯಾದೆ ಇಷ್ಟು ಮಿತಿಮೀರಿ ಬೆಳೆದಿದೆ ಎಂದು ನನಗೆ ಆ ದಿನವೇ ಗೊತ್ತಾದದ್ದು.

ಭಾನುವಾರ ಆರು ಗಂಟೆಗೇ ಎದ್ದೆ. ದೋಷ ಕಳೆಯಲಿಲ್ಲ, ಗುರಿಯಾದರೂ ಕೂಡಲಿ. ಹಿತ್ತಲ ಗೋಡೆಯ ಮುಂದೆ ಉಸುಕಿನ ಚೀಲ ಪೇರಿಸಿ, ಮೇಲೆ ನಿಂಬೆಹಣ್ಣು ಇಟ್ಟೆ. ಛರ್ರಾ ತುಂಬಿ, ಕುರ್ಚಿಯ ಬೆನ್ನಿಗೆ ಬಂದೂಕು ಆನಿಸಿ, ಕಣ್ಣಿಟ್ಟೆ. ಕತ್ತಲೆ, ಅಂಚಿಗೊಂದು ಬೆಳಕಿನ ಎಳೆ. ಹಾಳು ಚಂದ್ರ ಹಗಲಿಗೂ ಬಂದು ಕುಳಿತಿದ್ದಾನಲ್ಲ ಎಂದು ಸಿಟ್ಟು ಬಂತು. ಅವನನ್ನು ದಾಟಿ ನಿಂಬೆಹಣ್ಣು ಹುಡುಕಲು ಕಣ್ಣನ್ನು ಇನ್ನೂ ಒತ್ತಿದೆ. ದುರ್ಬೀನಿನ ಕಬ್ಬಿಣದ ಅಂಚು ಹುಬ್ಬಿಗೆ ತಣ್ಣಗೆ ತಾಗಿತು. ಒಂದು ಕ್ಷಣ ಏನೋ ಹಳದಿ ಕಂಡಿತು. ಬಂದೂಕಿನ ಕುದುರೆ ಎಳೆದೇಬಿಟ್ಟೆ.

ಹುಸೇನನ ಹೊಸ ಸ್ಪ್ರಿಂಗ್ ಅವನ ಮಾತಿಗೆ ತಪ್ಪಲಿಲ್ಲ. ಬಂದೂಕು ಹಿಂದಕ್ಕೆ ಒದೆಯಿತು. ದುರ್ಬೀನಿನ ಅಂಚು ಹುಬ್ಬಿಗೆ ಬಡಿಯಿತು. ಆ ಕ್ಷಣದಲ್ಲಿ ನನಗೆ ನಕ್ಷತ್ರಗಳೂ ಕಂಡವು. ಚೌತಿಗೆ ನಕ್ಷತ್ರ ನೋಡಬಾರದು ಅಂತ ಎಲ್ಲೂ ಇಲ್ಲ. ಅದೊಂದು ಪುಣ್ಯ.

ಸಿದ್ದೇಶ್ವರಿ ಓಡಿ ಬಂದಳು. ರಕ್ತ ಒರೆಸಿ ಅರಿಶಿನ ಒತ್ತಿದಳು. ಆಮೇಲೆ ಕನ್ನಡಿ ತಂದು ಹಿಡಿದಳು. ಬಲಗಣ್ಣಿನ ಹುಬ್ಬಿನ ಮೇಲೆ ಅಚ್ಚೊತ್ತಿದ ಹಾಗೆ ಒಂದು ಅರ್ಧಚಂದ್ರ. ಕೆಳಗೆ ಕಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತಿತ್ತು.

"ಬಂದವರಿಗಿ ಇದ್ದದ್ದು ಇದ್ದಂಗ ಹೇಳ್ರಿ. ದುರ್ಬೀನು ಬಡೀತು ಅಂತ," ಅಂದಳು.

"ನಿನಗ ಹುಚ್ಚೇನು? ಐದಕ್ಕ ಐದು ಹೊಡದವನಿಗಿ ತನ್ನ ಬಂದೂಕೇ ಹೊಡೀತು ಅಂತ ಹೇಳಲೇನು? ಬಾಗಲಾ ಬಡೀತು ಅಂತೀನಿ. ನೀ ಬಾಯಿ ಬಿಡಬ್ಯಾಡ."

ಹನ್ನೊಂದಕ್ಕೆ ಸರಿಯಾಗಿ ಹಾವಗೆಪ್ಪ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ರುಮಾಲು, ನೆಟ್ಟಗಿನ ಬೆನ್ನು. ಜೊತೆಗೆ ಸುಮಿತ. ಕೈಕಾಲು ತೊಳೆದು, ಗಣಪನಿಗೆ ಕೈಮುಗಿದು, ಕುರ್ಚಿಯಲ್ಲಿ ಕುಳಿತು ನನ್ನನ್ನು ನೋಡಿದರು. ನೋಡುವುದಕ್ಕೆಂದೇ ಬಂದವರು, ಚೆನ್ನಾಗಿಯೇ ನೋಡಿದರು.

"ಕಣ್ಣಿಗಿ ಏನಾತ್ರಿ?"

"ಬಾಗಲಾ ಬಡೀತ್ರಿ."

ಅವರು ನಮ್ಮ ಬಾಗಿಲನ್ನು ನೋಡಿದರು. ಅದು ನೇರವಾಗಿತ್ತು. ನನ್ನ ಹುಬ್ಬನ್ನು ನೋಡಿದರು. ಅದು ಬಾಗಿತ್ತು. ಆಮೇಲೆ ಚಹಾದ ತಟ್ಟೆ ಹಿಡಿದು ಬಂದ ಸಿದ್ದೇಶ್ವರಿಯ ಕೈಗಳನ್ನು ನೋಡಿದರು. ಕೈತುಂಬ ಹಬ್ಬದ ಹೊಸ ಪಾಟ್ಲಿ ಬಳೆ, ದುಂಡಗೆ, ದಪ್ಪಗೆ.

"ತಂಗಿ, ನಿನ್ನ ತವರಮನಿ ನಮ್ಮ ಔರಾದೇ ಅಲ್ಲಾ?"

"ಹೌದ್ರಿ ಯಪ್ಪಾ."

"ಹೂಂ. ನಮ್ಮೂರ ಹೆಣ್ಮಕ್ಕಳ ಕೈ ಮೊದಲಿಂದೂ ಜೋರ," ಅಂದು ಚಹಾ ಬದಿಗಿಟ್ಟರು.

ಸಿದ್ದೇಶ್ವರಿಯ ಮುಖ ಬಿಳಿಚಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮೂಲೆಯಿಂದ ಸಹಾಯಕ್ಕೆ ಬಂದಳು. "ಬಾಗಲಾ ಎಲ್ಲೀದೋ ಶಿವ್ಯಾ? ರಾತ್ರಿ ಬೈಸಗೋಳಾಕ ಓಣ್ಯಾಗ ಓಡ್ಯಾಡಿದಿ. ಮನ್ಯಾಗಿಂದು ಸಾಲಂಗಿಲ್ಲ ಅಂತ."

ಇದು ಸಾಲದೆಂಬಂತೆ ಬಾಗಿಲಲ್ಲಿ ಖಾಸಿಂ ಅಲಿ ಕಾಣಿಸಿಕೊಂಡರು. ನಿನ್ನೆಯಿಂದ ನನ್ನ ಚಿಂತೆ ಹಚ್ಚಿಕೊಂಡು ವಿಚಾರಿಸಲು ಬಂದಿದ್ದರು, ಪಾಪ. "ಭಾಯಿ, ತಬಿಯತ್ ಹ್ಯಾಂಗದ? ರಾತ್ರಿ ನೀವು ಅಂಗಳದಾಗ ನಿಂತಿದ್ದು ನೋಡಿ ನನಗ ನಿದ್ದಿ ಬರಲಿಲ್ಲ," ಅಂದವರು ನನ್ನ ಕಣ್ಣು ನೋಡಿ, "ಯಾ ಅಲ್ಲಾ," ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವರ ನೋಟವೂ ನನ್ನ ಹೆಂಡತಿಯ ಪಾಟ್ಲಿಗಳ ಕಡೆ ಹೋಗಿ ಗಡಬಡಿಸಿ ಹಿಂದಕ್ಕೆ ಬಂತು.

ಹಾವಗೆಪ್ಪ ಕೋಲು ಹಿಡಿದು ಎದ್ದು ನಿಂತರು. "ಸುಮಿತ, ನಡಿ ಮಗಾ. ನಾಲ್ಕು ದಿನ ವಿಚಾರ ಮಾಡೂಣು. ನೂಲಿನಂಗ ಸೀರಿ..." ಎಂದು ಹೇಳಿ ನಿಲ್ಲಿಸಿದರು.

ಉಳಿದರ್ಧ ಯಾರೂ ಹೇಳಲಿಲ್ಲ. ತಾಯಿಯಂತೆ ಮಗಳು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಒಳಗಿನ ಪರದೆ ಅಲ್ಲಾಡಿತು, ಅದರ ಹಿಂದೆ ಶೀತಲ ಮೂಗು ಎಳೆದುಕೊಂಡಳು. ಸುಮಿತ ನೆಲ ನೋಡುತ್ತ ನಿಂತ. ಸಿದ್ದೇಶ್ವರಿ ಒಂದು ಮಾತೂ ಆಡಲಿಲ್ಲ. ಬಾಯಿ ಬಿಡಬೇಡ ಎಂದವನು ನಾನೇ ಅಲ್ಲವೇ? ಮೂವತ್ತು ವರ್ಷದಲ್ಲಿ ಅವಳು ನನ್ನ ಮಾತು ಕೇಳಿದ್ದು ಇದೇ ಮೊದಲು, ಕೇಳಬಾರದ ದಿನವೇ ಕೇಳಿದ್ದಳು.

ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಚಂದ್ರನನ್ನು ನೋಡಿದವನು ನಾನು, ಜಂಬ ಕೊಚ್ಚಿದವನು ನಾನು, ಅಪವಾದ ಹೋಗಿ ಬಿದ್ದದ್ದು ಆ ಬಡಪಾಯಿಯ ತಲೆಯ ಮೇಲೆ. ನನ್ನ ಐದಕ್ಕೈದನ್ನು ಉಳಿಸಿಕೊಳ್ಳಲು ಹೋಗಿ ಮಗಳ ಸಂಬಂಧ ಕಳೆಯುತ್ತಿದ್ದೆ.

"ಕೂಡ್ರಿ ಯಜಮಾನರ," ಅಂದೆ. "ಆಕಿ ನನಗ ಹೊಡದಿಲ್ಲ. ಬಾಗಲಾನೂ ಹೊಡದಿಲ್ಲ. ನನ್ನ ದುರ್ಬೀನು ಹೊಡದದ."

ಆಮೇಲೆ ಎಲ್ಲ ಹೇಳಿದೆ. ಪಕ್ಕದವನ ಹಲಗೆ, ಒಂಬತ್ತು ಪಟ್ಟು, ಚೀಟಿ, ಮೋಡ ಸೀಳಿ ಬಂದ ಚಂದ್ರ, ಅರ್ಧ ಕಥೆ, ತಗಡಿನ ಮೇಲಿನ ಕಲ್ಲು, ಹುಬ್ಬು. ಒಳಗಿನಿಂದ ಬಂದೂಕು ತಂದು ಸಾಕ್ಷಿಗೆ ಇಟ್ಟೆ. ಯಾರೂ ನಗಲಿಲ್ಲ, ಅದು ನಕ್ಕಿದ್ದಕ್ಕಿಂತ ಕಷ್ಟವಾಯಿತು.

ಖಾಸಿಂ ಅಲಿ ಮೊದಲು ಬಂದೂಕು ಬಾಗಿಸಿ ಖಾಲಿಯಿದೆಯೇ ಎಂದು ನೋಡಿದರು. ಆಮೇಲೆ ದುರ್ಬೀನಿಗೆ ಕಣ್ಣು ಹಾಕಿದರು. ಅವರ ಮುಖದಲ್ಲಿ ದೊಡ್ಡ ನಿರಾಳ ಕಂಡಿತು.

"ಭಾಯಿ, ನಿನ್ನಿ ನಾ ಭಾಲ್ಕಿಯಿಂದ ಬರೂವಾಗ ದಾರಿತುಂಬ ಮೋಡ. ಚಂದ್ರ ಎಲ್ಲಿಂದ ಬರ್ತಾನ? ಕಣ್ಣು ತಪ್ಪು ಜಾಗಾದಾಗ ಇಟ್ರ ಒಳಗಿನ ಬೆಳಕು ಪೂರಾ ಕಣ್ಣಿಗಿ ಮುಟ್ಟಂಗಿಲ್ಲ. ಉಳದದ್ದು ಕರಿ ನೆರಳು, ಅಂಚಿಗಿ ಒಂದು ಬೆಳಕಿನ ತುಂಡು. ಅದ ನಿಮ್ಮ ಚಂದ್ರ. ನೀವು ಅಲ್ಲಾಡಿದ್ರ ಅದೂ ಅಲ್ಲಾಡ್ತದ."

"ಹಂಗಾರ ನಾ ಚೌತಿ ಚಂದ್ರ ನೋಡೇ ಇಲ್ಲೇನ್ರಿ?"

"ನಿಮ್ಮ ತಪ್ಪು ನೋಡೀರಿ ಅಷ್ಟ. ಇದಕ್ಕೂ ಒಂದು ಅದಬ್, ಒಂದು ಮರ್ಯಾದಿ ಇರ್ತದ್ರಿ. ಮೈಮ್ಯಾಲ ಬೀಳಬಾರದು. ನಾಲ್ಕು ಬೆರಳು ದೂರ ನಿಂತು ನೋಡಬೇಕು."

ಅವರು ತಿರುಪು ಸಡಿಲಿಸಿ ದುರ್ಬೀನನ್ನು ಮುಂದಕ್ಕೆ ಸರಿಸಿದರು. ನಾನು ಕಣ್ಣು ಮುಚ್ಚಿ ಬಂದೂಕನ್ನು ಎಡಹೆಗಲಿಗೆ ಆನಿಸಬೇಕು, ಊದದೆ ಉಳಿದ ಎಡಗಣ್ಣು ತೆರೆದಾಗ ನೆರಳಿಲ್ಲದೆ ಪೂರ್ತಿ ದುಂಡಗೆ ಕಾಣುವವರೆಗೆ ಅವರು ಅದನ್ನು ಹಿಂದೆ ಮುಂದೆ ಆಡಿಸುತ್ತಾರೆ. ಮೂರನೆಯ ಸಲಕ್ಕೆ ಕಂಡಿತು. ಆಮೇಲೆ ತುದಿಯ ಬಳೆ. ನಾನು ಮೂರು ದಿನ ತಿರುಗಿಸಿದ್ದು ಹಿಗ್ಗಿಸುವ ಬಳೆಯಂತೆ, ಕಣ್ಣಿಗೆ ಹೊಂದಿಸುವ ಬಳೆಯನ್ನು ನಾನು ಮುಟ್ಟಿಯೇ ಇರಲಿಲ್ಲವಂತೆ. ಅದನ್ನು ತಿರುಗಿಸುತ್ತಲೇ ಒಳಗಿನ ಗೆರೆಗಳು ಹೊಸ ದಾರದ ಹಾಗೆ ಬಿಗಿಯಾಗಿ ನಿಂತವು. "ಹುಡುಕೂವಾಗ ಮೂರರ ಮ್ಯಾಲ ಇಡ್ರಿ. ಸಿಕ್ಕ ಮ್ಯಾಲ ಒಂಬತ್ತಕ್ಕ ಹಿಗ್ಗಸ್ರಿ," ಅಂದರು ಖಾಸಿಂ ಅಲಿ.

"ಆತಲ್ಲ," ಅಂದರು ಹಾವಗೆಪ್ಪ. "ಹೊಡೀರಿ ನೋಡೂಣು."

ಎಲ್ಲರೂ ಹಿತ್ತಲಿಗೆ ಬಂದರು. ಇಪ್ಪತ್ತೈದು ಹೆಜ್ಜೆ. ಈ ಸಲ ನಿಂಬೆಹಣ್ಣು ಕಂಡಿತು. ಅಬ್ಬಾ, ಏನು ಕಂಡಿತು! ಅದರ ಸಿಪ್ಪೆಯ ಚುಕ್ಕೆ, ತೊಟ್ಟಿನ ಕಲೆ, ಮೇಲೆ ಕುಳಿತ ಇರುವೆ ಎಲ್ಲವೂ ಕಂಡವು. ಉಸಿರು ಹಿಡಿದು, ನಾಲ್ಕು ಬೆರಳ ಮರ್ಯಾದೆ ಕಾಯ್ದುಕೊಂಡು, ಕುದುರೆ ಎಳೆದೆ. ಛರ್ರಾ ಒಂದು ಗೇಣು ಮೇಲೆ ಗೋಡೆಯ ಸುಣ್ಣ ಹಾರಿಸಿತು. ನಾನು ಮೊದಲೇ ಕಟಕಟ ತಿರುಗಿಸಿಟ್ಟಿದ್ದ, ಗುರಿಯನ್ನು ಮೇಲೆ ಕೆಳಗೆ ಸರಿಸುವ ಗುಬಟಿಗಳು ಸೇಡು ತೀರಿಸಿಕೊಂಡಿದ್ದವು. ನಿಂಬೆಹಣ್ಣು ನಿಚ್ಚಳವಾಗಿ ಕಂಡಿತ್ತು, ತಪ್ಪಿದ್ದೂ ಅಷ್ಟೇ ನಿಚ್ಚಳವಾಗಿ ಕಂಡಿತು. ಇರುವೆ ಅಲ್ಲಾಡಲಿಲ್ಲ.

ಬಂದೂಕು ಇಳಿಸಿ ತಲೆ ತಗ್ಗಿಸಿ ನಿಂತೆ. ಹಾವಗೆಪ್ಪ ಹತ್ತಿರ ಬಂದು ನನ್ನ ಹುಬ್ಬಿನ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೊದಲು ಸಿದ್ದೇಶ್ವರಿಯ ಕಡೆ ತಿರುಗಿದರು.

"ತಂಗಿ, ತಪ್ಪು ತಿಳಕೊಂಡೆ. ಮುದುಕ ಇದ್ದೀನಿ, ಹೊಟ್ಟ್ಯಾಗ ಹಾಕ್ಕೋವ್ವಾ."

ಆಮೇಲೆ ಮೊಮ್ಮಗನನ್ನು ಕರೆದರು.

"ಸುಮಿತ, ಚಂದಾಗಿ ನೋಡಿಕೋ. ಇವರಿಗಿ ನಿಶಾನಿ ಹೊಡೀಲಾಕ ಬರಂಗಿಲ್ಲ. ದುರ್ಬೀನು ನೋಡ್ಲಾಕ ಬರಂಗಿಲ್ಲ. ಅದೆಲ್ಲಾ ಇರಲಿ, ಒಂದು ಸುಳ್ಳು ಹೇಳಿ ಅರ್ಧಾ ತಾಸು ಸಂಭಾಳಿಸ್ಲಾಕ ಸೈತ ಬರಂಗಿಲ್ಲ. ಇಂಥ ಬೀಗರಿಂದ ಜೀವನದಾಗ ಏನೂ ತಂಟಿ ಬರಂಗಿಲ್ಲ ಮಗಾ. ಹೂಂ ಅನ್ನು."

ಸುಮಿತ ಹೂಂ ಅಂದ. ಪರದೆಯ ಹಿಂದಿನಿಂದ ಯಾವಾಗಲೋ ಹಿತ್ತಲಿಗೆ ಬಂದಿದ್ದ ಶೀತಲಳೂ ಹೂಂ ಅಂದಳು. ಎಲ್ಲರಿಗಿಂತ ಜೋರಾಗಿ ಹೂಂ ಅಂದವಳು ನನ್ನ ಹೆಂಡತಿ. ಅದು ಮದುವೆಗೋ, ನನ್ನ ಬಗ್ಗೆ ಅವರು ಹೇಳಿದ ಮಾತಿಗೋ ಎಂದು ನಾನು ಕೇಳಲಿಲ್ಲ.